ಮೌನಿನಿಯರ ಕೈ

ಏಳೂವರೆಗೆ ಸರಿಯಾಗಿ ಟಿವಿಯಲ್ಲಿ ಕಹಳೆ ಮೊಳಗಿತು. ಅಮ್ಮನಿಗೆ ಅದು ಕೇಳಿಸುವುದಿಲ್ಲ. ಆದರೆ ಟಿವಿ ಇಟ್ಟಿದ್ದ ಮರದ ಪೆಟ್ಟಿಗೆ ಗುಮ್ಮೆಂದು ನಡುಗಿದ್ದು ಹಲಗೆ ನೆಲದ ಮೂಲಕ ಅವಳ ಅಂಗಾಲಿಗೆ ತಲುಪಿತು. ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು, ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಮಗಳಿಗೆ ಕೈ ಮಾಡಿದಳು. "ಬೇಗ ಬಾ. ಶುರುವಾಯ್ತು."

ಮಗಳು ಒದ್ದೆ ಕೈ ಒರೆಸಿಕೊಂಡು ಬಂದು ಟಿವಿಯ ಎಡಗಡೆ ಇದ್ದ ಸ್ಟೂಲಿನ ಮೇಲೆ, ಪರದೆಗೆ ಬೆನ್ನು ಹಾಕಿ ಕೂತಳು. ಟೇಬಲ್ ಲ್ಯಾಂಪಿನ ಕತ್ತು ತಿರುಗಿಸಿ ಬೆಳಕು ತನ್ನ ಕೈಗಳ ಮೇಲೆ ಬೀಳುವಂತೆ ಮಾಡಿಕೊಂಡಳು. ಕಿವಿ ಕೇಳದ, ಓದು ಬಾರದ ತಾಯಿಗೆ ಧಾರಾವಾಹಿಯ ಮಾತನ್ನೆಲ್ಲ ಕೈಯಲ್ಲಿ ಹೇಳಬೇಕಲ್ಲ, ಅದಕ್ಕೆ ಈ ಏರ್ಪಾಡು. ಪರದೆ ನೋಡುವ ಅಗತ್ಯ ಅವಳಿಗಿರಲಿಲ್ಲ. ಅಲ್ಲಿ ಯಾರು ಯಾವಾಗ ಏನು ಹೇಳುತ್ತಾರೆಂದು ಅವಳಿಗೆ ಬಾಯಿಪಾಠ. 'ಮಂಜಿನ ಕಿರೀಟ'ದ ಸಂಭಾಷಣೆಯನ್ನೆಲ್ಲ ಬರೆಯುತ್ತಿದ್ದವಳು ಅವಳೇ. ಸ್ಟುಡಿಯೋದಲ್ಲಿ ಲೈಟಿನವರಿಂದ ಹಿಡಿದು ನಿರ್ದೇಶಕನವರೆಗೆ ಎಲ್ಲರೂ ಅವಳನ್ನು ರೈಟರಮ್ಮ ಎನ್ನುತ್ತಿದ್ದರು. ಮನೆಯಲ್ಲಿ ಅಮ್ಮ ಅವಳನ್ನು ಕರೆಯುತ್ತಿದ್ದುದು ಎರಡು ಬೆರಳಿಂದ ಕಿವಿಯ ತುದಿ ಹಿಡಿದು. ಅದೇ ಅವಳ ಹೆಸರು. ಆ ಮನೆಯಲ್ಲಿ ಕೆಲಸ ಮಾಡುವ ಕಿವಿ ಇದ್ದದ್ದು ಅವಳೊಬ್ಬಳಿಗೇ, ಬೇರೆ ಏನಂತ ಕರೆಯಬೇಕಿತ್ತು ಪಾಪ.

ಪರದೆಯ ಮೇಲೆ ಬಿಳಿ ಗಡ್ಡದ ರಾಜಗುರು ರಾಜಕುಮಾರನ ಭುಜದ ಮೇಲೆ ಕೈಯಿಟ್ಟು, ಬೆಟ್ಟದ ಕಡೆ ಬೆರಳು ತೋರಿಸಿ ಹೇಳುತ್ತಿದ್ದ: "ದೇವರು ನಾಲಿಗೆಯನ್ನು ಪುಣ್ಯವಂತರಿಗೆ ಕೊಟ್ಟ, ಕುಮಾರ. ಕೊಡದೆ ಬಿಟ್ಟವರ ಕೈಗಳನ್ನು ನೋಡು. ಅವು ಕೈಗಳಲ್ಲ, ಶಾಪಗಳು."

ಹಿನ್ನೆಲೆಯಲ್ಲಿ ಹಾವು ಬುಸುಗುಟ್ಟುವ ಸದ್ದು ಹಾಕಿದ್ದರು. ಲ್ಯಾಂಪಿನ ಬೆಳಕಿನಲ್ಲಿ ಮಗಳ ಕೈಗಳು ಒಂದು ಕ್ಷಣ ತಡವರಿಸಿ, ಆಮೇಲೆ ಸರಾಗವಾಗಿ ಹೇಳಿದವು. "ಗುರು ಹೇಳ್ತಿದ್ದಾನೆ, ಆ ಹೆಂಗಸರ ಕೈ ನೋಡು ಮಗನೇ. ದೇವರು ಪುರುಸೊತ್ತಲ್ಲಿ ಕೂತು ಮಾಡಿದ ಕೈ."

ಅಮ್ಮ ತನ್ನ ಕೈಗಳನ್ನು ಒಮ್ಮೆ ಮಗುಚಿ ನೋಡಿಕೊಂಡಳು. "ಗಡ್ಡದವನಿಗೆ ಇವತ್ತು ಬುದ್ಧಿ ಬಂತು," ಎಂದು ಕೈಯಾಡಿಸಿ ನಕ್ಕಳು.

ಅಷ್ಟರಲ್ಲಿ ಬೆಟ್ಟದ ಮಾತಾಡದ ಹೆಂಗಸರ, ಅಂದರೆ ಮೌನಿನಿಯರ, ರಾಣಿ ಬಂದಳು. ಕಪ್ಪು ಹೊದಿಕೆ, ಉದ್ದುದ್ದ ಉಗುರು, ಸುತ್ತ ಹಸಿರು ಹೊಗೆ. ಊರ ಚೌಕದಲ್ಲಿ ಆಡುತ್ತಿದ್ದ ಮಕ್ಕಳ ಎದುರು ನಿಂತು ಎರಡೂ ತೋಳು ಮೇಲೆತ್ತಿ, ಬೆರಳುಗಳನ್ನು ನಿಧಾನವಾಗಿ ಕೆಳಗಿಳಿಸಿದಳು. ಮಕ್ಕಳು ಒಬ್ಬೊಬ್ಬರಾಗಿ ಕಣ್ಣು ಮುಚ್ಚಿ, ಬೂದು ಬಣ್ಣಕ್ಕೆ ತಿರುಗಿ, ನಿಂತಲ್ಲೇ ಕಲ್ಲಾದರು. ಅಮ್ಮನ ಹುಬ್ಬು ಗಂಟಾಯಿತು.

"ಮಕ್ಕಳಿಗೆ ಏನಾಯ್ತು?"

"ಮಲಗಿಸಿದಳು," ಎಂದವು ಮಗಳ ಕೈಗಳು. "ನಾಳೆ ಯುದ್ಧ ಇದೆ. ರಾಜಕುಮಾರನ ಸೈನ್ಯ ಬರುತ್ತೆ. ಮಕ್ಕಳು ಹೆದರಬಾರದು ಅಂತ ಎಲ್ಲಾ ಮುಗಿಯೋವರೆಗೂ ನಿದ್ದೆ ಮಾಡಿಸಿದಳು."

ಅಮ್ಮ ಪರದೆಯನ್ನೇ ನೋಡುತ್ತ ಕೂತಳು. ಆಮೇಲೆ ತನ್ನ ಎದೆಯನ್ನು ತೋರಿಸಿಕೊಂಡು ಹೇಳಿದಳು. "ನಾನು ಮಾಡೋ ಕೆಲಸವೇ ಅದು."

ನಿಜ. ಅಮ್ಮ ಇಪ್ಪತ್ತೆರಡು ವರ್ಷದಿಂದ ಎರಡು ಬಸ್ ಸ್ಟಾಪು ಆಚೆಯ ಶಿಶುವಿಹಾರದಲ್ಲಿ ಆಯಾ. ಮಧ್ಯಾಹ್ನ ಊಟವಾದ ಮೇಲೆ ಮೂವತ್ತು ಮಕ್ಕಳನ್ನು ಮಲಗಿಸುವುದು ಅವಳ ಕೆಲಸ. ಬೇರೆ ಆಯಾಗಳು ಶ್ ಶ್ ಎನ್ನುತ್ತ ಗಂಟಲು ಒಣಗಿಸಿಕೊಂಡರೂ ಮಲಗದ ಪುಂಡರು ಇವಳ ಅಂಗೈ ಬೆನ್ನ ಮೇಲೆ ಬಿದ್ದರೆ ಸಾಕು, ತೆಪ್ಪಗಾಗುತ್ತಿದ್ದರು. ಯಾವ ಮಗು ಅಳುತ್ತಿದೆ ಎಂದು ಅವಳಿಗೆ ಕೇಳಿಸದು, ಆದರೆ ಯಾವ ಮಗು ಇನ್ನೇನು ಅಳಲಿದೆ ಎಂದು ಮುಖ ನೋಡಿಯೇ ಹೇಳುತ್ತಿದ್ದಳು. ಮಕ್ಕಳು ಅವಳನ್ನು ಕೈಯಜ್ಜಿ ಅನ್ನುತ್ತಿದ್ದವು. ನೀರು, ಉಚ್ಚೆ, ಸಾಕು, ಇನ್ನೂ ಬೇಕು, ಅವನು ಹೊಡೆದ, ಇಷ್ಟನ್ನು ಶಿಶುವಿಹಾರ ಸೇರಿದ ವಾರದೊಳಗೆ ಎಲ್ಲ ಮಕ್ಕಳೂ ಕೈಯಲ್ಲಿ ಹೇಳಲು ಕಲಿಯುತ್ತಿದ್ದವು. 'ಅವನು ಹೊಡೆದ' ಎಂಬುದನ್ನು ಎಲ್ಲಕ್ಕಿಂತ ಮೊದಲು.

ಇಷ್ಟಕ್ಕೂ ಅಮ್ಮ ನೋಡುತ್ತಿದ್ದ ಕಥೆ ಊರೆಲ್ಲ ನೋಡುತ್ತಿದ್ದ ಕಥೆಯಲ್ಲ. ಅಮ್ಮನ ಕಥೆಯಲ್ಲಿ ರಾಜಕುಮಾರ ಕಳ್ಳ. ಮೌನಿನಿಯರ ಬೆಟ್ಟದ ತೊರೆಯನ್ನು ಕದ್ದು ತನ್ನ ಕೋಟೆಗೆ ತಿರುಗಿಸಿಕೊಂಡವನು. ಮೌನಿನಿಯರು ಅದನ್ನು ಕೇಳಲು ಬಂದವರು. "ಮತ್ತೆ ಇವರನ್ನ ಯಾಕೆ ಇಷ್ಟು ವಿಕಾರವಾಗಿ ತೋರಿಸ್ತಾರೆ?" ಎಂದು ಅಮ್ಮ ಒಮ್ಮೆ ಕೇಳಿದ್ದಳು. ಮಗಳು ಗುಟುಕು ನೀರು ಕುಡಿದು ಯೋಚಿಸಿ ಹೇಳಿದ್ದಳು. "ಚಿತ್ರ ತೆಗೀತಿರೋರು ರಾಜಕುಮಾರನ ಕಡೆಯವರು." ಅಮ್ಮನಿಗೆ ಈ ಉತ್ತರ ತುಂಬ ಹಿಡಿಸಿತ್ತು. ಲೋಕ ಹೀಗೇ ಎಂಬಂತೆ ತಲೆದೂಗಿದ್ದಳು. ಈ ಬೇರೆ ಕಥೆ ಶುರುವಾದ ಮೂರು ತಿಂಗಳಲ್ಲಿ ಮಗಳು ಹೇಳಿದ ಒಂದೇ ಒಂದು ನಿಜ ಅದು.

ಅಮ್ಮನಿಗೆ ಸುಳ್ಳು ಹೇಳುವುದು ಅವಳಿಗೆ ಹೊಸದೇನಲ್ಲ. ಐದು ವರ್ಷದವಳಿದ್ದಾಗಿನಿಂದ ಅಮ್ಮನಿಗೂ ಲೋಕಕ್ಕೂ ನಡುವೆ ನಿಂತವಳು ಅವಳು. ಅಪ್ಪನ ತಾಯಿ ಒಲೆಯ ಮುಂದೆ ಕೂತು, ಸೊಸೆಯ ಕಡೆ ನೋಡುತ್ತಲೇ, "ಏನು ಪಾಪ ಮಾಡಿ ಹುಟ್ಟಿದಳೋ, ದೇವರು ನಾಲಿಗೆನೇ ಕಿತ್ಕೊಂಡ" ಎಂದು ಗೊಣಗುತ್ತಿದ್ದಳು. ಅತ್ತೆ ಏನೆಂದರು ಎಂದು ಅಮ್ಮ ಕಣ್ಣಲ್ಲೇ ಕೇಳುತ್ತಿದ್ದಳು. ಪುಟ್ಟ ಕೈಗಳು ಹೇಳುತ್ತಿದ್ದವು. "ಸಾರು ಚೆನ್ನಾಗಿದೆಯಂತೆ." ಆಸ್ಪತ್ರೆಯ ಕೌಂಟರಿನಲ್ಲಿ, ಅಂಗಡಿಯಲ್ಲಿ, ಮನೆ ಬಾಡಿಗೆಗೆ ಕೊಡುವುದಿಲ್ಲ ಎಂದವರ ಬಾಗಿಲಲ್ಲಿ, ಎಲ್ಲ ಕಡೆ ಮಗು ಕಲ್ಲನ್ನು ಹೂವು ಮಾಡಿ ದಾಟಿಸುತ್ತಿತ್ತು. ಕರೆಂಟು ಹೋದ ರಾತ್ರಿಗಳಲ್ಲಿ ಮಾತ್ರ ಲೋಕವೇ ಇರುತ್ತಿರಲಿಲ್ಲ. ತಾಯಿ ಮಗಳು ಇಬ್ಬರೇ. ಕತ್ತಲಲ್ಲಿ ಕೈ ಕಾಣುವುದಿಲ್ಲವಾದ್ದರಿಂದ ಅಮ್ಮ ಮಗಳ ಅಂಗೈ ಬಿಡಿಸಿ ಅದರೊಳಗೆ ಬೆರಳಿಟ್ಟು ಮಾತಾಡುತ್ತಿದ್ದಳು. ಹೆದರಬೇಡ, ಇಲ್ಲೇ ಇದ್ದೀನಿ, ನಿದ್ದೆ ಮಾಡು. ಹಾಗೆಲ್ಲ ಇದ್ದವಳೇ ಹನ್ನೆರಡು ದಾಟಿದ ಮೇಲೆ ಬಸ್ಸಿನಲ್ಲಿ ಜನ ನೋಡುತ್ತಾರೆಂದು ಅಮ್ಮನ ಕೈಗಳನ್ನು ಹಿಡಿದು ಮಡಿಲಿಗೆ ಇಳಿಸಿಬಿಡುತ್ತಿದ್ದಳು. ಸುಮ್ಮನಿರು ಅನ್ನುವುದಕ್ಕೆ ಆ ಮನೆಯಲ್ಲಿ ಇದ್ದದ್ದು ಅದೊಂದೇ ದಾರಿ. ಅಮ್ಮ ಇಳಿಯುವ ಸ್ಟಾಪು ಬರುವವರೆಗೂ ಕೈಯನ್ನು ಮಡಿಲಲ್ಲೇ ಇಟ್ಟುಕೊಂಡು ಕೂರುತ್ತಿದ್ದಳು.

ಅದಕ್ಕೇ ಇರಬೇಕು, ಆರು ತಿಂಗಳ ಹಿಂದೆ ಸ್ಟುಡಿಯೋದ ಮೀಟಿಂಗಿನಲ್ಲಿ ಅವಳು ಬಾಯಿ ತೆರೆದದ್ದು. ಧಾರಾವಾಹಿ ಏಳು ಭಾಷೆಗೆ ಡಬ್ ಆಗಬೇಕಿತ್ತು. ಬೆಟ್ಟದ ಹೆಂಗಸರ ಪಾತ್ರಗಳೇ ಹನ್ನೆರಡು. "ಅಷ್ಟು ಜನಕ್ಕೂ ಏಳೇಳು ದನಿ ಎಲ್ಲಿಂದ ತರಲಿ?" ಎಂದು ನಿರ್ದೇಶಕ ತಲೆ ಮೇಲೆ ಕೈ ಹೊತ್ತು ಕೂತಿದ್ದ. ಎಲ್ಲರೂ ಅವನನ್ನು ಕ್ಯಾಪ್ಟನ್ ಅನ್ನುತ್ತಿದ್ದರು; ಟೋಪಿ ತೆಗೆದದ್ದನ್ನು ಯಾರೂ ನೋಡಿರಲಿಲ್ಲ. ರೈಟರಮ್ಮ ಮೆಲ್ಲಗೆ ಹೇಳಿದಳು.

"ಅವರು ಬಾಯಲ್ಲಿ ಮಾತಾಡೋದೇ ಬೇಡ, ಸರ್. ಕೈಯಲ್ಲಿ ಮಾತಾಡ್ಲಿ. ಬೆಟ್ಟ ಕಾಯೋ ಹೆಂಗಸರು. ಮಾತು ಬೇಡ ಅಂತ ಅವರೇ ಬಿಟ್ಟಿದ್ದಾರೆ. ಕೈಮಾತು ನಾನು ಕೊಡ್ತೀನಿ."

"ನಿಮಗೆ ಬರುತ್ತಾ?"

"ನಮ್ಮಮ್ಮಂದು," ಎಂದಳು. ನಲವತ್ತು ವರ್ಷದಲ್ಲಿ ಮೊದಲ ಸಲ ಅದನ್ನು ನಾಲ್ಕು ಜನರ ಎದುರು ಗಟ್ಟಿಯಾಗಿ ಹೇಳಿದ್ದಳು.

ರಾಣಿಯ ಪಾತ್ರದ ನಟಿ ಮೂರು ಭಾನುವಾರ ಮನೆಗೆ ಬಂದಳು. ಒಳ್ಳೆಯ ಹುಡುಗಿ. ಅಮ್ಮ ಅವಳ ಬೆರಳುಗಳನ್ನು ಹಿಡಿದು ತಿದ್ದಿ, ತಪ್ಪಿದಾಗ ಮೊಣಕೈಗೆ ಒಂದು ಏಟು ಹಾಕಿ, ಸರಿ ಮಾಡಿದಾಗ ಬಿಸ್ಕತ್ತು ಕೊಟ್ಟು, ಶಿಶುವಿಹಾರದ ಮಕ್ಕಳಿಗೆ ಕಲಿಸುವಂತೆಯೇ ಕಲಿಸಿದಳು. ಮೊದಲ ಸಂಚಿಕೆ ಬಂದ ದಿನ ಅಮ್ಮ ಟಿವಿಯ ಹತ್ತಿರ ಹೋಗಿ, ಪರದೆಯ ಮೇಲೆ ಆಡುತ್ತಿದ್ದ ಕೈಗಳನ್ನು ಬೆರಳ ತುದಿಯಿಂದ ಮುಟ್ಟಿದಳು. ತನ್ನ ಮಾತು ಗಾಜಿನೊಳಗೆ ನಡೆದಾಡುತ್ತಿತ್ತು. ಅಮ್ಮ ಅತ್ತಳು. ಮಗಳೂ ಅತ್ತಳು. ಬಸ್ಸಿನ ಸಾಲ ತೀರಿತು ಎಂದುಕೊಂಡಳು.

ಮೂವತ್ತನೇ ಸಂಚಿಕೆಗೆ ಚಾನೆಲ್‌ನವರು ಬಂದರು. ಜನಕ್ಕೆ ಬೆಟ್ಟದ ಹೆಂಗಸರು ಬೋರು, ಒಬ್ಬ ಖಳ ಬೇಕು ಎಂದರು. ಮಾತಾಡದವರನ್ನು ಕಂಡರೆ ಜನಕ್ಕೆ ಹೇಗೂ ಒಂದು ಥರ ಭಯ, ಅದನ್ನೇ ಬಳಸಿ ಎಂದರು. ಉಗುರು ಬಂತು, ಹೊಗೆ ಬಂತು, ಕೈಯ ಮಾತು ಕಡಿಮೆಯಾಗಿ ಮಾಟದ ಬೀಸಾಟ ಹೆಚ್ಚಿತು, ಕೈ ಆಡಿದಾಗಲೆಲ್ಲ ಬುಸ್ ಎನ್ನುವ ಸದ್ದು ಬಂತು.

"ಇವರಿಗೆ ನಾಲಿಗೆ ಯಾಕಿಲ್ಲ ಅನ್ನೋದಕ್ಕೆ ಒಂದು ಖಡಕ್ ಲೈನ್ ಬೇಕು, ರೈಟರಮ್ಮ," ಎಂದ ಕ್ಯಾಪ್ಟನ್. "ಗುರು ಮತ್ತೆ ಮತ್ತೆ ಹೇಳ್ಬೇಕು. ಕೇಳಿದೋರ ಮೈ ಜುಮ್ ಅನ್ಬೇಕು."

"ಸರ್, ಮೊದಲು ನಾವು ಅಂದ್ಕೊಂಡಿದ್ದು ಅವರೇ ಮಾತು ಬಿಟ್ಟಿದ್ದು ಅಂತ."

"ಅಂದ್ಕೊಂಡಿದ್ವಿ. ಈಗ ಬೇರೆ ಅಂದ್ಕೊಳ್ಳೋಣ. ಶಾಟ್ ರೆಡಿ ಇದೆ, ಲೈಟು ಉರೀತಾ ಇದೆ."

ಅವಳು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಚಹಾ ಆರುವುದರೊಳಗೆ ನಾಲಿಗೆ, ಪುಣ್ಯ, ಶಾಪದ ಆ ಮಾತನ್ನು ಬರೆದಳು. ಕ್ಯಾಪ್ಟನ್ ಓದಿ ಟೋಪಿಯನ್ನೇ ತೆಗೆದುಬಿಟ್ಟ. ಕ್ಯಾಮೆರಾದವರು ಚಪ್ಪಾಳೆ ತಟ್ಟಿದರು. "ಎಲ್ಲಿಂದ ಬಂತು ಇದು?" ಎಂದು ಕೇಳಿದರೆ, "ಮನೇಲೇ ಬಿದ್ದಿತ್ತು" ಎಂದಳು. ಚಪ್ಪಾಳೆ ಕೇಳಿ ಅವಳಿಗೆ ಖುಷಿಯಾಯಿತು, ಸುಳ್ಳೇಕೆ ಹೇಳಬೇಕು. ಆ ಖುಷಿ ಸ್ಟುಡಿಯೋದ ಗೇಟಿನವರೆಗೆ ಇತ್ತು. ಗೇಟು ದಾಟಿ ಬಸ್ಸು ಹತ್ತಿದಳು. ಕೆಲಸ ಬಿಟ್ಟುಬಿಡಬೇಕು ಎಂದುಕೊಂಡಳು. ಮರುದಿನ ಬಿಡಲಿಲ್ಲ, ಅದರ ಮರುದಿನವೂ ಬಿಡಲಿಲ್ಲ. ಬದಲಿಗೆ ಲ್ಯಾಂಪಿನ ಕತ್ತು ತಿರುಗಿಸಿ ಅಮ್ಮನಿಗೆ ಬೇರೊಂದು ಕಥೆ ಹೇಳತೊಡಗಿದಳು. ಹಗಲು ಸ್ಟುಡಿಯೋದಲ್ಲಿ ಒಂದು ಸಂಚಿಕೆ, ಸಂಜೆ ಸ್ಟೂಲಿನ ಮೇಲೆ ಇನ್ನೊಂದು. ಎರಡನೆಯದೇ ಚೆನ್ನಾಗಿತ್ತು, ಆದರೆ ಅದಕ್ಕೆ ಒಬ್ಬಳೇ ಪ್ರೇಕ್ಷಕಿ.

ಅಮ್ಮ ಮಾತ್ರ ಈಚೆಗೆ ಹಿಗ್ಗಿ ಹೀರೆಕಾಯಿಯಾಗಿದ್ದಳು. ಶಿಶುವಿಹಾರದಿಂದ ಬಂದವಳೇ ಚಪ್ಪಲಿ ಬಿಡುವ ಮೊದಲು ಶುರು ಮಾಡುತ್ತಿದ್ದಳು. "ಇವತ್ತು ಎಲ್ಲಾ ಮಕ್ಕಳೂ ನನ್ನ ನೋಡಿ ಕೈ ಮಾಡ್ತಾವೆ. ಮೊದಲೆಲ್ಲ ನಾಲ್ಕು ಮಾತು ಕಲೀತಿದ್ವು. ಈಗ ಬೀದಿ ಮಕ್ಕಳೂ ಮಾಡ್ತಾವೆ. ನನ್ನ ಕಂಡ ತಕ್ಷಣ ತೋಳೆತ್ತಿ ನಿಂತ್ಕೊಂಡು, ಆಮೇಲೆ ಓಡ್ತಾವೆ. ನಾನು ಹಿಂದೆ ಓಡ್ತೀನಿ. ಎಷ್ಟು ನಗ್ತಾವೆ ಗೊತ್ತಾ?"

ನಗುತ್ತವೋ ಕಿರುಚುತ್ತವೋ ಅಮ್ಮನಿಗೆ ಹೇಗೆ ಗೊತ್ತಾಗಬೇಕು. ಓಡುತ್ತ ಅರೆಗಳಿಗೆ ತಿರುಗುವ ಮುಖದಲ್ಲಿ ಬಾಯಿ ತೆರೆದಿರುವುದು ಎರಡಕ್ಕೂ ಒಂದೇ. ಮಗಳು "ಹೌದಾ" ಎಂದು ಕೈಯಾಡಿಸಿ ಒಳಗೆ ಹೋಗಿ ಪಾತ್ರೆ ತೊಳೆಯುತ್ತಿದ್ದಳು. ನಾಳೆ ಹೇಳುತ್ತೇನೆ ಎಂದುಕೊಳ್ಳುತ್ತಿದ್ದಳು. ಮೌನಿನಿಯರ ಕಥೆ ಮುಗಿದ ಮೇಲೆ ಹೇಳುತ್ತೇನೆ. ಅಷ್ಟು ಹೊತ್ತಿಗೆ ಅಮ್ಮ ಮರೆತೂ ಇರಬಹುದು.

ಮಲಗಿಸುವ ದೃಶ್ಯ ಬಂದದ್ದು ಬುಧವಾರ. ಗುರುವಾರ ಮಧ್ಯಾಹ್ನ ಎರಡು ಗಂಟೆಗೆ ಸ್ಟುಡಿಯೋಗೆ ಫೋನು ಬಂತು.

"ನಿಮ್ಮ ತಾಯಿ ಇಲ್ಲಿ ಒಂದು ಅನಾಹುತ ಮಾಡಿದ್ದಾರೆ," ಎಂದರು ಶಿಶುವಿಹಾರದ ದೊಡ್ಡ ಮಿಸ್. "ನಾವೇನು ಹೇಳಿದ್ರೂ ಅವರಿಗೆ ಅರ್ಥ ಆಗ್ತಿಲ್ಲ. ನೀವು ಬರಬೇಕಮ್ಮ. ನೀವೇ ಹೇಳ್ಬೇಕು."

ಅವಳು ಹೋದಾಗ ಅಮ್ಮ ಆಫೀಸಿನ ಕೋಣೆಯಲ್ಲಿ ಮಕ್ಕಳ ಪುಟ್ಟ ಕುರ್ಚಿಯ ಮೇಲೆ ಮೊಣಕಾಲು ಎದೆಗೆ ಬರುವಂತೆ ಕೂತಿದ್ದಳು. ಮಡಿಲಲ್ಲಿ ಕಪ್ಪು ಕಂಬಳಿ. ಮಲಗುವ ಕೋಣೆಯ ಕಂಬಳಿಗಳಲ್ಲಿ ಒಂದು. ಮಗಳನ್ನು ಕಂಡದ್ದೇ ಎದ್ದು ನಿಂತಳು, ಕೈಗಳು ಗಡಿಬಿಡಿಯಲ್ಲಿ ಹೇಳಿದವು. "ಪುಟ್ಟಿ ಬಿದ್ದಳು. ಮೆಟ್ಟಿಲ ಮೇಲೆ. ನಾನು ಮುಟ್ಟೂ ಇಲ್ಲ. ಮಲಗಿಸ್ತಿದ್ದೆ ಅಷ್ಟೇ. ಅವಳು ಹೇಗಿದಾಳೆ ಕೇಳು. ಮೊದಲು ಅದು ಕೇಳು."

ದೊಡ್ಡ ಮಿಸ್ ಕೆಟ್ಟವರಲ್ಲ. ಅವರ ಕಣ್ಣೂ ಕೆಂಪಾಗಿತ್ತು. ಮಕ್ಕಳನ್ನು ಚಾಪೆಯ ಮೇಲೆ ಸಾಲಾಗಿ ಮಲಗಿಸಿದ್ದಾಗ ಅಮ್ಮ ಆ ಕಂಬಳಿಯನ್ನು ಹೆಗಲಿಗೆ ಹೊದ್ದು, ಕೋಣೆಯ ನಡುವೆ ನಿಂತು, ಎರಡೂ ತೋಳು ಮೇಲೆತ್ತಿ ಬೆರಳಿಳಿಸಿದಳಂತೆ. ರಾಣಿಯ ಹಾಗೆ ಕಣ್ಣನ್ನೂ ದೊಡ್ಡದು ಮಾಡಿದಳಂತೆ. ಮೂವತ್ತು ಮಕ್ಕಳು ಒಟ್ಟಿಗೆ ಕಿರುಚಿಕೊಂಡವು. ಗುಂಗುರು ಕೂದಲಿನ ಪುಟ್ಟಿ, ದಿನಾ ಅಮ್ಮನ ತೋಳ ಮೇಲೇ ಮಲಗುತ್ತಿದ್ದವಳು, ಎದ್ದು ಬಾಗಿಲಾಚೆ ಓಡಿದಳು. ಅಮ್ಮ ಅವಳನ್ನು ಹಿಡಿಯಲು ಹಿಂದೆ ಓಡಿದಳು. ಹಿಂದಿರುಗಿ ನೋಡುತ್ತಲೇ ಓಡಿದ ಮಗು ಮೆಟ್ಟಿಲ ಮೇಲಿಂದ ಮುಗ್ಗರಿಸಿತು. ಭುಜದ ಹತ್ತಿರದ ಕೊರಳೆಲುಬು ಮುರಿದಿತ್ತು. ಆಸ್ಪತ್ರೆಯಲ್ಲಿ ಕಟ್ಟು ಹಾಕಿದ್ದರು, ಜೀವಕ್ಕೇನೂ ಭಯವಿಲ್ಲ.

ಅದಷ್ಟನ್ನು ಮಗಳು ತಕ್ಷಣ ದಾಟಿಸಿದಳು. "ಪುಟ್ಟಿಗೆ ಏನೂ ಆಗಲ್ಲ. ಮೂಳೆ ಕೂಡಿಕೊಳ್ಳುತ್ತೆ." ಅಮ್ಮ ಕಣ್ಣು ಮುಚ್ಚಿ ಉಸಿರು ಬಿಟ್ಟಳು. ಕಣ್ಣು ತೆರೆದು, ಕಂಬಳಿಯನ್ನು ನೀಟಾಗಿ ಮಡಿಚತೊಡಗಿದಳು.

"ನೋಡಮ್ಮ," ಎಂದರು ದೊಡ್ಡ ಮಿಸ್. "ಇಪ್ಪತ್ತೆರಡು ವರ್ಷದಿಂದ ನೋಡಿದ್ದೀನಿ. ನನ್ನ ಮಗನ್ನೂ ಇವರೇ ಮಲಗಿಸಿದ್ದು. ಆದರೆ ಮಕ್ಕಳು ಇವರನ್ನ ಕಂಡ್ರೆ ಹೆದರ್ತವೆ ಈಗ. ತಿಂಗಳಿಂದ ಹೀಗೇ. ಎರಡು ಮನೆಯವರು ಆಗಲೇ ಬಂದು ಹೇಳಿ ಹೋಗಿದ್ರು, ನಮ್ಮ ಮಗು ರಾತ್ರಿ ಬೆಚ್ಚಿ ಬೀಳುತ್ತೆ, ಆ ಮೂಕಿನ ತೆಗೀರಿ ಅಂತ. ನಾನು ತಡೆದಿದ್ದೆ. ಇನ್ನು ತಡೆಯೋಕಾಗಲ್ಲ. ನಾಳೆಯಿಂದ ಬರೋದು ಬೇಡ ಅಂತ ಹೇಳು. ಮೆತ್ತಗೆ ಹೇಳು."

ಅಮ್ಮ ಮಗಳ ಕೈಗಳನ್ನೇ ನೋಡುತ್ತ ನಿಂತಿದ್ದಳು. ಆ ಕೈಗಳಿಗೆ ಸುಳ್ಳು ಎಷ್ಟು ಸಲೀಸಾಗಿ ಬರುತ್ತಿತ್ತೆಂದರೆ, ಹೇಳಬೇಕಾದ ವಾಕ್ಯ ಆಗಲೇ ತಯಾರಾಗಿ ಬೆರಳ ತುದಿಗೆ ಬಂದು ನಿಂತಿತ್ತು. ನಿನಗೆ ವಯಸ್ಸಾಯ್ತಂತೆ, ಸುಧಾರಿಸಿಕೊಳ್ಳಲಿ ಅಂತ ಹೇಳ್ತಿದ್ದಾರೆ, ಎಲ್ಲರಿಗೂ ನಿನ್ನ ಕಂಡರೆ ಪ್ರೀತಿಯಂತೆ. ಕೈ ಎತ್ತಿದಳು. ಆದರೆ ಅಮ್ಮನ ಕಣ್ಣು ಅವಳ ಕೈ ಬಿಟ್ಟು ಅವಳ ಹಿಂದಿನ ಗೋಡೆಗೆ ಹೋಗಿತ್ತು.

ಗೋಡೆಯ ತುಂಬ ಮಕ್ಕಳ ಚಿತ್ರಗಳು. ಆ ವಾರ ಬರೆಯಲು ಕೊಟ್ಟ ವಿಷಯ 'ನನಗೆ ಭಯ ಆಗುವುದು'. ಒಂದಿಬ್ಬರು ನಾಯಿ ಬರೆದಿದ್ದರು, ಒಬ್ಬ ಸೂಜಿ ಹಿಡಿದ ಡಾಕ್ಟರನ್ನು ಬರೆದಿದ್ದ. ಉಳಿದ ಹಾಳೆಗಳಲ್ಲೆಲ್ಲ ಕಪ್ಪು ಬಟ್ಟೆಯ ಹೆಂಗಸು. ದೇಹ ಒಂದು ಗೀಟು, ಕೈಗಳು ಮಾತ್ರ ಹಾಳೆಯಷ್ಟು ದೊಡ್ಡವು. ಕಾಲ ಬುಡದಲ್ಲಿ ಬೂದು ಬಣ್ಣದ ಪುಟ್ಟ ಮಕ್ಕಳು, ಕಣ್ಣಿನ ಜಾಗದಲ್ಲಿ ಅಡ್ಡಡ್ಡ ಗೀಚಿದ ಕಾಟು. ಪಕ್ಕದಲ್ಲಿ ಸೂರ್ಯನಂಥ ಹಳದಿ ರಾಜಕುಮಾರ, ಕತ್ತಿ ಎತ್ತಿ ನಿಂತಿದ್ದ. ಒಂದು ಚಿತ್ರದಲ್ಲಿ ಆ ಹೆಂಗಸಿಗೆ ನೀಲಿ ಏಪ್ರನ್ ಇತ್ತು. ಅಮ್ಮ ದಿನಾ ಕಟ್ಟಿಕೊಳ್ಳುವ, ಎರಡು ಜೇಬಿನ ಏಪ್ರನ್.

ಅಮ್ಮ ಗೋಡೆಯ ಹತ್ತಿರ ಹೋದಳು. ಒಂದೊಂದೇ ಹಾಳೆಯ ಮುಂದೆ ನಿಂತಳು. ಕಣ್ಣಿನ ಕಾಟುಗಳ ಮೇಲೆ ಬೆರಳಿಟ್ಟಳು. ಓದು ಬಾರದವಳಿಗೂ ಓದಲು ಕಷ್ಟವಾಗುವ ಅಕ್ಷರಗಳೇನೂ ಅಲ್ಲಿರಲಿಲ್ಲ. ತಿರುಗಿದಾಗ ಅವಳ ಮುಖದಲ್ಲಿ ಕೋಪವಿರಲಿಲ್ಲ, ಗೊಂದಲವಿತ್ತು.

"ಇವರು ಮಲಗಿಲ್ಲ," ಎಂದಳು. "ಇವರು ಸತ್ತಿದ್ದಾರೆ."

ದೊಡ್ಡ ಮಿಸ್‌ಗೆ ಆ ಕೈಮಾತು ತಿಳಿಯಲಿಲ್ಲ. ಆದರೆ ಚಿತ್ರಗಳ ಮುಂದೆ ನಿಂತ ಹೆಂಗಸನ್ನು ಕಂಡು ಅವರು ಮೇಜು ಬಿಟ್ಟು ಎದ್ದು ಬಂದರು. "ಇವರ ತಪ್ಪೇನಿಲ್ಲಮ್ಮ. ಆ ಹಾಳು ಧಾರಾವಾಹಿ ಬರೆಯೋರಿಗೆ ಹೇಳ್ಬೇಕು. ಬರೆಯೋಳು ಯಾವಳೋ ಏನೋ, ಅವಳಿಗೆ ತಾಯಿ ಇಲ್ವಾ?"

ಮಗಳು ಟಿವಿಯಲ್ಲಿ ಏನೋ ಕೆಲಸ ಮಾಡುತ್ತಾಳೆ ಎಂಬುದಷ್ಟೇ ಅವರಿಗೆ ಗೊತ್ತಿದ್ದದ್ದು.

"ಏನಂದ್ರು?" ಅಮ್ಮ ಕಣ್ಣಲ್ಲೇ ಕೇಳಿದಳು. ಮೂವತ್ತೈದು ವರ್ಷದಿಂದ ಕೇಳುತ್ತ ಬಂದ ಹಾಗೆಯೇ.

ಮಗಳು ಒಂದೊಂದೇ ಮಾತನ್ನು, ಮಗುವಿಗೆ ಹೇಳುವಷ್ಟು ನಿಧಾನವಾಗಿ, ಇದ್ದದ್ದು ಇದ್ದ ಹಾಗೆ ದಾಟಿಸಿದಳು. "ನಾಳೆಯಿಂದ ಬರಬೇಡ ಅಂತಿದ್ದಾರೆ. ಮಕ್ಕಳು ನಿನ್ನ ಕಂಡ್ರೆ ಹೆದರ್ತಾವಂತೆ. ತಿಂಗಳಿಂದ. ತಪ್ಪು ನಿಂದಲ್ಲ ಅಂತಿದ್ದಾರೆ. ಟಿವಿಯ ಕಥೆ ಬರೆದೋಳದ್ದು. ಅವಳಿಗೆ ತಾಯಿ ಇಲ್ವಾ ಅಂತ ಕೇಳ್ತಿದ್ದಾರೆ."

"ಬರೆದಿದ್ದು ಯಾರು?"

ಕಥೆ ಬರೆಯುವುದು ಮಗಳೇ ಎಂದು ಅಮ್ಮನಿಗೆ ಗೊತ್ತಿತ್ತು. ಆದರೆ ಅದು ಬೇರೆ ಕಥೆ, ಸಂಜೆಯ ಕಥೆ. ಇದನ್ನು ಬರೆದವಳು ಬೇರೆ ಯಾರೋ ಇರಬೇಕು ಎಂದು ಅವಳು ಇನ್ನೂ ನಂಬಿದ್ದಳು. ಆ ನಂಬಿಕೆ ಮುಖದ ಮೇಲೆ ಎಷ್ಟು ಸ್ಪಷ್ಟವಾಗಿತ್ತೆಂದರೆ ಮಗಳಿಗೆ ಅದನ್ನು ನೋಡಲಾಗಲಿಲ್ಲ. ತಲೆ ತಗ್ಗಿಸಿ, ಎರಡು ಬೆರಳಿಂದ ತನ್ನ ಕಿವಿಯ ತುದಿ ಹಿಡಿದಳು.

ಇಬ್ಬರೂ ಬಸ್ ಸ್ಟಾಪಿಗೆ ನಡೆದರು. ದೊಡ್ಡ ಮಿಸ್ ಒತ್ತಾಯ ಮಾಡಿ ಕೊಟ್ಟ ಏಪ್ರನ್ನು ಚೀಲದಲ್ಲಿತ್ತು. ಸ್ಟಾಪಿನ ಬೆಂಚಿನ ಮೇಲೆ ಚೀಲವನ್ನು ಇಬ್ಬರ ನಡುವೆ ಇಟ್ಟು ಅಮ್ಮ ಮಾತಾಡಿದಳು. ಎದುರಿಗೆ ಶಾಲೆಯ ಹುಡುಗಿಯರು ನಿಂತು ನೋಡುತ್ತಿದ್ದರು. ಮಗಳು ಅಮ್ಮನ ಕೈಯನ್ನು ಕೆಳಗಿಳಿಸಲಿಲ್ಲ.

"ನಿನ್ನ ಅಜ್ಜಿ ಬೈತಿದ್ದದ್ದು ನನಗೆ ಗೊತ್ತಾಗ್ತಿತ್ತು," ಎಂದವು ಅಮ್ಮನ ಕೈಗಳು. "ಮುಖ ನೋಡಿದ್ರೆ ಸಾಕಿತ್ತು. ಸಾರು ಚೆನ್ನಾಗಿದೆ ಅನ್ನೋರ ಮುಖ ಹಾಗಿರುತ್ತಾ? ಬಾಡಿಗೆ ಮನೆಯವರು ಬಾಗಿಲು ಹಾಕಿದ್ದೂ ಗೊತ್ತಾಗ್ತಿತ್ತು. ನೀನು ಸುಳ್ಳು ಹೇಳ್ತಿದ್ದೆ. ನನಗೆ ಖುಷಿ ಆಗ್ತಿತ್ತು. ಇಷ್ಟು ಚಿಕ್ಕದು, ನನ್ನನ್ನ ಕಾಯುತ್ತಲ್ಲಾ ಅಂತ."

ಬಸ್ಸು ಬಂತು. ಅಮ್ಮ ಏಳಲಿಲ್ಲ. ಬಸ್ಸು ಹೋಯಿತು.

"ಈ ಸಲ ಯಾರನ್ನ ಕಾಯ್ದೆ?"

ಏಳು ಭಾಷೆಗೆ ಮಾತು ಬರೆದುಕೊಟ್ಟವಳು ಒಂದು ಬೆಂಚಿನ ಮೇಲೆ ಕೈ ಕಟ್ಟಿ ಕೂತಳು.

"ಗಡ್ಡದವನು ನಿನ್ನೆ ಏನಂದ?" ಅಮ್ಮ ಮತ್ತೆ ಕೇಳಿದಳು. "ನನ್ನ ಕೈ ನೋಡಿ ಏನಂದ? ಸರಿಯಾಗಿ ಹೇಳು."

ಮಗಳು ಹೇಳಿದಳು. ನಾಲಿಗೆ, ಪುಣ್ಯ, ಶಾಪ. ಶಾಪ ಎಂಬುದಕ್ಕೆ ಅವರ ಕೈಮಾತಿನಲ್ಲಿ ಪದವೇ ಇರಲಿಲ್ಲ. ಅಜ್ಜಿಯ ಮುಖ ಮಾಡಿ ತೋರಿಸಬೇಕಾಯಿತು. ಅಮ್ಮನಿಗೆ ತಕ್ಷಣ ತಿಳಿಯಿತು. ನಿಧಾನವಾಗಿ ತಲೆಯಾಡಿಸಿದಳು, ಕಳೆದುಹೋಗಿದ್ದ ಹಳೆಯ ಸಾಮಾನು ಯಾರದೋ ಮನೆಯಲ್ಲಿ ಕಂಡವರಂತೆ. ಆಮೇಲೆ ಕೈಗಳನ್ನು ಮಡಿಲಿಗೆ ಇಳಿಸಿಕೊಂಡಳು. ತಾನೇ ಇಳಿಸಿಕೊಂಡಳು.

ಮಾರನೆಯ ದಿನ ಮಗಳು ಸ್ಟುಡಿಯೋಗೆ ಹೋಗಿ, ಇನ್ನು ಮೌನಿನಿಯರ ಕಥೆ ಬರೆಯುವುದಿಲ್ಲ ಎಂದಳು. ಕ್ಯಾಪ್ಟನ್‌ಗೆ ನಿಜವಾಗಿಯೂ ಬೇಸರವಾಯಿತು. "ನಿಮ್ಮಿಷ್ಟ, ರೈಟರಮ್ಮ. ಆದರೆ ಅವರು ಇನ್ನು ಎಂಬತ್ತು ಎಪಿಸೋಡ್ ಇರ್ತಾರೆ. ಜನಕ್ಕೆ ಹಿಡಿಸಿಬಿಟ್ಟಿದ್ದಾರಲ್ಲ, ಏನ್ ಮಾಡೋದು?" ಎಂದ. ಬರೆಯಲು ಇನ್ನೊಬ್ಬರು ಮಧ್ಯಾಹ್ನವೇ ಸಿಕ್ಕಿದರು. ಕೈಮಾತನ್ನು ನಟಿಗೆ ಆಗಲೇ ಕಲಿಸಿ ಆಗಿತ್ತಲ್ಲ, ಅದನ್ನು ವಾಪಸು ಕೇಳುವ ಹಾಗಿರಲಿಲ್ಲ.

ಆಮೇಲಿನ ದಿನಗಳಲ್ಲಿ ಅಮ್ಮ ಮಾಡುವ ಕೆಲಸವನ್ನೆಲ್ಲ ಮಾಡಿದಳು. ಅಡುಗೆ ಮಾಡಿದಳು, ಬಟ್ಟೆ ಮಡಿಚಿದಳು, ಕಿಟಕಿಯ ಗಾಜು ಒರೆಸಿದಳು. ಏನಾದರೂ ಬೇಕಾದರೆ ಆ ವಸ್ತುವಿನ ಹತ್ತಿರ ಹೋಗಿ ನಿಲ್ಲುತ್ತಿದ್ದಳು. ಬೀದಿಗೆ ಹೊರಟರೆ ಕೈಗಳನ್ನು ಕೋಟಿನ ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದಳು, ಸೆಕೆ ಇದ್ದಾಗಲೂ. ಮಗಳು ಕ್ಷಮೆ ಕೇಳಿದಳು, ಎರಡು ಸಲ, ಹತ್ತು ಸಲ. ಅಮ್ಮ ನೋಡುತ್ತಿದ್ದಳು, ಆಮೇಲೆ ಬೇರೆ ಕಡೆ ನೋಡುತ್ತಿದ್ದಳು. ಕಿವಿ ಕೇಳುವವರು ಬೇಡದ ಮಾತಿಗೆ ಕಿವಿ ಮುಚ್ಚಬೇಕು. ಅಮ್ಮನಿಗೆ ಕಣ್ಣು ಸ್ವಲ್ಪ ಆಚೆಗೆ ಸರಿಸಿದರೆ ಸಾಕು, ಮನೆಯೆಲ್ಲ ನಿಶ್ಶಬ್ದ.

ಒಂಬತ್ತನೆಯ ದಿನ ಸಂಜೆ ಏಳೂವರೆ ಹೊತ್ತಿಗೆ ಅಮ್ಮ ಟಿವಿಯ ಮುಂದಿನ ಕುರ್ಚಿಯಲ್ಲಿ ಬಂದು ಕೂತಳು. ಮಗಳು ಓಡಿ ಬಂದು ಸ್ಟೂಲಿನ ಮೇಲೆ ಕೂತು ಲ್ಯಾಂಪಿನ ಕತ್ತು ತಿರುಗಿಸಿದಳು. ನಿಜವನ್ನೇ ಹೇಳುತ್ತೇನೆ, ಒಂದಕ್ಷರ ಬಿಡದೆ ಹೇಳುತ್ತೇನೆ ಎಂದುಕೊಂಡು ಎರಡೂ ಕೈಗಳನ್ನು ಬೆಳಕಿಗೆ ಹಿಡಿದಳು. ಪಕ್ಕದ ಮನೆಗಳಿಂದೆಲ್ಲ ಒಟ್ಟಿಗೆ ಕಹಳೆಯ ಸದ್ದು ಬಂತು. ಅಮ್ಮ ಟಿವಿ ಹಾಕಲಿಲ್ಲ. ಮುಂದಕ್ಕೆ ಬಾಗಿ ಲ್ಯಾಂಪನ್ನು ಆರಿಸಿದಳು.

ಕತ್ತಲಾಯಿತು. ಮಗಳಿಗೆ ತಾಯಿಯ ಉಸಿರು ಮಾತ್ರ ಕೇಳಿಸುತ್ತಿತ್ತು. ಅವಳು ಬಲಗೈಯನ್ನು ಮುಂದೆ ಚಾಚಿ, ಚಿಕ್ಕವಳಿದ್ದಾಗ ಚಾಚುತ್ತಿದ್ದ ಹಾಗೆ, ಅಂಗೈ ಬಿಡಿಸಿ ಹಿಡಿದಳು.

ಅಮ್ಮನ ಕೈ ಕತ್ತಲಲ್ಲಿ ತಡಕುತ್ತ ಬಂತು. ಅಂಗೈಯನ್ನು ಹುಡುಕಿಕೊಂಡಿತು, ಅದರ ನಡುವೆ ಒಂದು ಗಳಿಗೆ ಬೆಚ್ಚಗೆ ನಿಂತಿತು. ಮಗಳು ಕಾದಳು. ಅಮ್ಮ ಕಿರುಬೆರಳಿಂದ ಶುರುಮಾಡಿ ಅವಳ ಬೆರಳುಗಳನ್ನು ಒಂದೊಂದಾಗಿ ಮಡಿಚಿದಳು, ಮೇಲೆ ಹೆಬ್ಬೆರಳನ್ನು ಮಡಿಚಿದಳು, ಆ ಮುಷ್ಟಿಯನ್ನು ಎತ್ತಿ ಮಗಳ ಮಡಿಲಿಗೆ ಇಳಿಸಿದಳು.